ಹಿಂದಿನ ಸೀಟಿನ ಬೆಲ್ಲು

ಬ್ಯಾಟರಿ ಮೂರು, ಹದಿನಾಲ್ಕು ಸಾವಿರದ ನಾಲ್ಕುನೂರು. ಹೊಸ ವೈರಿಂಗು, ಕೂಲಿ ಸೇರಿ ಹನ್ನೆರಡು ಸಾವಿರ. ಕೊಲ್ಹಾಪುರದ ಗುಜರಿಯಿಂದ ತಂದ ಹೆಡ್‌ಲೈಟು ಜೋಡಿ, ಮೂರೂವರೆ ಸಾವಿರ. ಡಿಕ್ಕಿಯ ಹಳೇ ಬೀಗಕ್ಕೆ ಚಾವಿ ಇಲ್ಲದ್ದರಿಂದ ಹಿಂದಿನ ಸೀಟು ಕಿತ್ತು, ಒಳಗಿನಿಂದ ಬೀಗ ಬಿಚ್ಚಿ, ಹೊಸದು ಕೂರಿಸಿದ್ದು ಎಂಟುನೂರ ಐವತ್ತು. ನಿಂಬೆಹಣ್ಣು, ಮೆಣಸಿನಕಾಯಿ, ಮಂತ್ರಿಸಿದ ತೆಂಗಿನಕಾಯಿ, ನೂರಾ ಎಪ್ಪತ್ತು.

“ಕಡೀದ್ದು ಯಾಕ ಬರದಿ?” ಚೀಟಿ ಓದಿ ಗುಡ್ಡವ್ವ ಕೇಳಿದಳು.

“ಖರ್ಚಂದ್ರ ಖರ್ಚರಿ ಅಕ್ಕಾರ,” ಎಂದ ಪರಶುರಾಮ. “ಬ್ಯಾಟರಿಕಿಂತಾ ತೆಂಗಿನಕಾಯಿನ ಹೆಚ್ಚು ದಿನಾ ಬಾಳಿಕಿ ಬಂದೈತಿ.”

ಗೋಕಾಕದಿಂದ ಫಾಲ್ಸ್‌ಗೆ ಹೋಗುವ ರಸ್ತೆಯ ಬದಿಯಲ್ಲಿ ಅವನ ತಗಡಿನ ಶೆಡ್ಡು. ಒಳಗೆ ಅರವತ್ನಾಲ್ಕರ ಅಂಬಾಸಿಡರ್ ನಿಂತಿತ್ತು, ಹಾಲಿನ ಬಣ್ಣ ಹೊಡೆಸಿಕೊಂಡು ಮದುಮಗಳ ಹಾಗೆ. ಮದುವೆಗಳಿಗೆ ಬಾಡಿಗೆ ಬಿಡಬೇಕೆಂದು ಪರಶುರಾಮ ಎರಡು ವರ್ಷದಿಂದ ಅದರ ಬೆನ್ನು ಹತ್ತಿದ್ದ. ಬರುವ ರವಿವಾರ ಮೊದಲ ಬಾಡಿಗೆ. ಕಾರು ಮಾತ್ರ ನಿಂತಲ್ಲೇ ಬ್ಯಾಟರಿ ಕುಡಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಬಿಸಿಲೇರಿದ ಮೇಲೆ ಯಾರೂ ಮುಟ್ಟದೆ ಒಳಗಿನಿಂದ ಗುನುಗುತ್ತಿತ್ತು. ಪೇಂಟರ್ ಅರ್ಜುನ ಬ್ರಷ್ಷನ್ನು ಡಬ್ಬಿಯಲ್ಲೇ ಬಿಟ್ಟು ಹೋದವನು ಪಗಾರ ಕೇಳಲೂ ಬಂದಿರಲಿಲ್ಲ.

ಗುಡ್ಡವ್ವ ಮೂಡಲಗಿಯಲ್ಲಿ ಗಾಡಿಗಳ ವೈರಿಂಗ್ ಅಂಗಡಿ ನಡೆಸುವವಳು. ಗಂಡನ ಕೈಕೆಳಗೆ ಕಲಿತದ್ದು. ಅವನು ತೀರಿದ ಮೇಲೂ ಅಂಗಡಿಯ ಬಾಗಿಲು ಹಾಕಲಿಲ್ಲ. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಅವಳ ಮುಂದೆ ಸಾಲು ನಿಲ್ಲುತ್ತಿದ್ದವು. ಎಲ್ಲೋ ಒಂದು ಕಡೆ ತಾಗಿದ ವೈರನ್ನು ಹುಡುಕಿ ಹುಡುಕಿ, ಮನುಷ್ಯರು ಮುಚ್ಚಿಟ್ಟದ್ದನ್ನು ಹುಡುಕುವುದೂ ಅವಳಿಗೆ ರೂಢಿಯಾಗಿತ್ತು.

ಈ ಕಾರು ಯಾವುದೆಂದು ಅವಳು ನಿನ್ನೆ ನೋಡಲು ಬಂದಾಗಲೇ ನಂಬರಿನಿಂದ ಗುರುತಿಸಿದ್ದಳು. ಪರಶುರಾಮನಿಗೆ ಹೇಳಿರಲಿಲ್ಲ.

ಮೂವತ್ತೊಂಬತ್ತು ವರ್ಷದ ಹಿಂದೆ ಅವಳ ಅಪ್ಪ ದುರ್ಗಪ್ಪ ಇದರ ಡ್ರೈವರ್ ಆಗಿದ್ದ. ಹುಕ್ಕೇರಿಯ ಸಾಹುಕಾರ ರಾವಸಾಹೇಬರ ಹೆಂಡತಿಯ ನಡುವಿನ ಬಂಗಾರದ ಡಾಬು ಕದ್ದು, ಕಾರನ್ನು ಧುಪದಾಳದಲ್ಲಿ ಹೊಳೆಯ ಒಡ್ಡಿನ ಹತ್ತಿರ ಬಿಟ್ಟು ಓಡಿಹೋದ ಎಂದು ಊರು ನಂಬಿತು. ಮತ್ತೆ ಅವನನ್ನು ಯಾರೂ ಕಾಣಲಿಲ್ಲ. ಘೋಡಗೇರಿಯ ಸಾಲೆಯಲ್ಲಿ ಹನ್ನೊಂದು ವರ್ಷದ ಗುಡ್ಡವ್ವ ‘ಡಾಬಿನ ಗುಡ್ಡಿ’ ಆದಳು. ಅವ್ವ ಭರಮವ್ವ ಮಗಳ ಕೈ ಹಿಡಿದು, ಗಂಟು ಕಟ್ಟಿ, ಮೂಡಲಗಿಗೆ ಬಂದುಬಿಟ್ಟಳು. ಅಪ್ಪ ಕಳ್ಳನೋ ಅಲ್ಲವೋ? ಗುಡ್ಡವ್ವನಿಗೆ ಬೇಕಾದದ್ದು ಅದೊಂದೇ ಉತ್ತರ.

ಬೆಳಿಗ್ಗೆ ಹೊರಡುವಾಗ ಅವ್ವ ಹೊಸ್ತಿಲ ಮೇಲೆ ಕೂತು ಎಲೆಸಂಚಿ ಬಿಚ್ಚಿದ್ದಳು. ಅಡಿಕೆ, ಸುಣ್ಣದ ಡಬ್ಬಿ, ತವರಿನ ಪೆಟ್ಟಿಗೆಯದು ಎಂದು ಹೇಳುವ ಸಣ್ಣ ಚಾವಿ. ಎಂದಿನ ಸಾಮಾನೇ.

“ಯಾವ ಗಾಡಿ?” ಎಂದು ಕೇಳಿದಳು.

“ಒಂದು ಹಳೇ ಅಂಬಾಸಿಡರ್ ಬೇ.”

ಅವ್ವ ತಲೆ ಎತ್ತಲಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಲೇ ಹೋದಳು, ಎಲೆಯೆಲ್ಲ ಬೆಳ್ಳಗಾಗುವ ತನಕ.

* * *

ಹನ್ನೆರಡು ಹೊಡೆದು ಸ್ವಲ್ಪ ಹೊತ್ತಾಗಿತ್ತು. ತಲೆಯ ಮೇಲಿನ ತಗಡು ಕಾದು ಚಟಚಟ ಅನ್ನತೊಡಗಿತು. ರಸ್ತೆಯಲ್ಲಿ ಒಂದು ನಾಯಿಯೂ ಇರಲಿಲ್ಲ.

ಆಗ ಕಾರು ಗುನುಗಿತು.

ಹಾರ್ನ್ ಅಲ್ಲ. ಕೊಡದೊಳಗೆ ಸಿಕ್ಕ ದುಂಬಿಯ ಸದ್ದು. ಡ್ಯಾಶ್‌ಬೋರ್ಡಿನ ಒಳಗಿನಿಂದ ಬಂತು. ಒಂದು ಸಲ. ಬೆನ್ನಿಗೇ ಇನ್ನೊಂದು ಸಲ. ನಿಂತಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಎರಡು ಸಲ.

“ಕೇಳಿದ್ರಿ?” ಪರಶುರಾಮ ಬಾಗಿಲಿನ ಕಡೆ ಸರಿದಿದ್ದ. “ದಿನಾ ಹಿಂಗ. ಸ್ವಿಚ್ ಬಂದ್ ಐತಿ, ಚಾವಿ ನನ್ನ ಕಿಸೆದಾಗ ಐತಿ.”

ಗುಡ್ಡವ್ವ ಕಾರಿನ ಕಡೆಗೆ ಒಂದು ಹೆಜ್ಜೆ ಇಟ್ಟಳು. ಆ ಸದ್ದನ್ನು ಅವಳು ಬಲ್ಲಳು.

ರಾವಸಾಹೇಬರ ವಾಡೆಯ ಹೆಂಗಸರು ಹಿಂದಿನ ಸೀಟಿನಲ್ಲಿ ಪರದೆ ಎಳೆದು ಕೂರಬೇಕು, ಡ್ರೈವರನ ಜೊತೆ ಮಾತಾಡಬಾರದು. ಅದು ಆ ಮನೆಯ ಪದ್ಧತಿ. ಮಾತಿಲ್ಲದೆ ಗಾಡಿ ನಿಲ್ಲಿಸುವುದು ಹೇಗೆ? ದುರ್ಗಪ್ಪ ಹಿಂದಿನ ಸೀಟಿನ ಎಡಗಡೆ ಕೈಯಿಡುವ ಜಾಗದಲ್ಲಿ ಒಂದು ಗುಂಡಿ ಕೂರಿಸಿ, ಡ್ಯಾಶ್‌ಬೋರ್ಡಿನ ಒಳಗೆ ಬೆಲ್ಲು ಇಟ್ಟಿದ್ದ. ಒಂದು ಸಲ ಒತ್ತಿದರೆ ನಿಲ್ಲಿಸು. ಎರಡು ಸಲ ಒತ್ತಿದರೆ ಮನೆಗೆ ತಿರುಗಿಸು. ಕಾರು ತೊಳೆಯುವ ದಿನ ಮಗಳನ್ನು ಹಿಂದೆ ಕೂರಿಸಿ, “ಒತ್ತರಿ ಬಾಯಿ ಸಾಹೇಬರ,” ಎಂದು ನಗಿಸುತ್ತಿದ್ದ.

ಈಗ ಹಿಂದೆ ಯಾರೂ ಇರಲಿಲ್ಲ. ಬೆಲ್ಲು ಮನೆಗೆ ತಿರುಗಿಸು ಅನ್ನುತ್ತಿತ್ತು.

“ದೆವ್ವಕ್ಕ ಬ್ಯಾಟರಿ ಬೇಕಾಗಂಗಿಲ್ಲ ತಮ್ಮಾ,” ಅವಳು ದನಿಯನ್ನು ಗಟ್ಟಿ ಮಾಡಿಕೊಂಡಳು. “ಇದಕ್ಕ ಬೇಕಾಗೇತಿ. ಹಂಗಾದ್ರ ಇದು ವೈರು. ಪಾನಾ ಕೊಡು.”

ಪಾನಾದಿಂದ ನಟ್ಟು ತಿರುಗಿಸಿ ಬ್ಯಾಟರಿಯ ಒಂದು ವೈರು ಬಿಚ್ಚಿ, ನಡುವೆ ಒಂದು ಸಣ್ಣ ಬಲ್ಬು ಸಿಕ್ಕಿಸಿದಳು. ಎಲ್ಲಾ ಬಂದ್ ಇದ್ದರೆ ಬಲ್ಬು ಹತ್ತಬಾರದು. ಹತ್ತಿದರೆ ಎಲ್ಲೋ ಕರೆಂಟು ಸೋರುತ್ತಿದೆ ಎಂದರ್ಥ.

ಬಲ್ಬು ಹತ್ತಿತು. ಬೂದಿಯೊಳಗಿನ ಕೆಂಡದಷ್ಟು.

ಬಲ್ಬು ನಡುವೆ ಬಂದದ್ದರಿಂದ ಬೆಲ್ಲಿಗೆ ದನಿ ಬರುವಷ್ಟು ಕರೆಂಟು ಉಳಿಯಲಿಲ್ಲ. ಅದು ಸುಮ್ಮನಾಯಿತು. ಶೆಡ್ಡಿನಲ್ಲಿ ತಗಡಿನ ಚಟಚಟ ಮಾತ್ರ ಉಳಿಯಿತು.

ಇದ್ದದ್ದೇ ಎರಡು ಫ್ಯೂಸು. ಒಂದನ್ನು ಕಿತ್ತಳು. ಬಲ್ಬು ಹತ್ತಿಯೇ ಇತ್ತು. ಎರಡನೆಯದನ್ನೂ ಕಿತ್ತಳು. ಆಗಲೂ ಆರಲಿಲ್ಲ.

“ಫ್ಯೂಸ್ ಇಲ್ದ ಹೋಗೋ ವೈರ್ ಯಾವುದೋ ಐತಿ. ನಿಮ್ಮ ಮಿಸ್ತ್ರಿ ಎಲ್ಲಾ ಬದ್ಲಿ ಮಾಡ್ಯಾನಲ್ಲ?”

“ನಕ್ಷೆದಾಗ ಇದ್ದದ್ದೆಲ್ಲಾ ಬದ್ಲಿ ಮಾಡ್ಯಾನ್ರಿ.”

“ನಕ್ಷೆದಾಗ ಇಲ್ಲದ್ದು?”

ಪರಶುರಾಮ ತಲೆ ಕೆರೆದುಕೊಂಡ. “ಹಿಂದ ಒಂದು ಕರೀ ನೂಲಿನ ವೈರ್ ಇತ್ತರಿ. ಎಲ್ಲೂ ಹೋಗಂಗಿಲ್ಲ, ಇರವಲ್ದ್ಯಾಕ ಅಂದು ರೆಕ್ಸಿನ್ ಒಳಗ ಮುಚ್ಚಿಬಿಟ್ಟ.”

“ಎಲ್ಲೂ ಹೋಗಲಾರದ ವೈರ್ ಜಗತ್ತಿನ್ಯಾಗ ಇಲ್ಲ ಪರಸು. ಕತ್ತರಿ ತಾ.”

“ಹೊಸಾ ರೆಕ್ಸಿನ್ ಅಕ್ಕಾರ!”

“ನಾಲ್ಕನೇ ಬ್ಯಾಟರಿ ತರ್ತೀಯೋ, ಕತ್ತರಿ ತರ್ತೀಯೋ?”

ಕತ್ತರಿ ಬಂತು. ಹೊಲಿಗೆ ಬಿಚ್ಚಿದಳು. ಹಳೇ ಗುಂಡಿ ಅಲ್ಲೇ ಇತ್ತು, ಮಸುಕಾಗಿ, ನಡುವೆ ಬೆರಳು ಒತ್ತಿದಲ್ಲಿ ಸವೆದು. ಅದಕ್ಕೆ ಬಂದ ಕರೀ ವೈರು ಅಲ್ಲಿಗೇ ಮುಗಿಯಬೇಕಿತ್ತು. ಮುಗಿದಿರಲಿಲ್ಲ. ಗುಂಡಿಯ ಹಿಂದಿನಿಂದ ಅದನ್ನು ಯಾರೋ ಜಗ್ಗಿದ್ದರು. ಸೀಟಿನ ಹಿಂದಿನ ತಗಡಿನಲ್ಲಿದ್ದ ತೂತಿನಿಂದ ಅದು ಆಚೆಗೆ, ಡಿಕ್ಕಿಯೊಳಗೆ ಹೋಗಿತ್ತು.

ಗುಡ್ಡವ್ವ ಡಿಕ್ಕಿ ತೆಗೆಸಿ, ಮೊಣಕಾಲೂರಿ ಒಳಗೆ ತಲೆ ಹಾಕಿದಳು. ಹೊಸ ಬಣ್ಣದ ವಾಸನೆಯ ಕೆಳಗೆ ಹಳೇ ಕತ್ತಲಿನ ವಾಸನೆ ಇತ್ತು. ಟಾರ್ಚಿನ ಬೆಳಕು ಬಿಟ್ಟಳು.

ವೈರಿನ ತುದಿ ಮೂಲೆಯಲ್ಲಿ ಜೋತುಬಿದ್ದಿತ್ತು. ತುದಿಯ ಹೊದಿಕೆ ಹೋಗಿ ತಾಮ್ರ ಕಾಣುತ್ತಿತ್ತು. ಬಿಸಿಲಿಗೆ ತಗಡು ಉಬ್ಬಿ ಆ ತಾಮ್ರವನ್ನು ಮುಟ್ಟುತ್ತದೆ, ಬೆಲ್ಲು ಗುನುಗುತ್ತದೆ. ತಗಡು ಸರಿದರೆ ನಿಲ್ಲುತ್ತದೆ. ಬೆರಳಿನಿಂದ ವೈರು ಸರಿಸಿದಳು. ಅತ್ತ ಪರಶುರಾಮ ಕೂಗಿದ: “ಬಲ್ಬ್ ಆರಿತ್ರಿ!”

ಶಾರ್ಟ್ ಸಿಕ್ಕಿತ್ತು. ಗುಡ್ಡವ್ವ ಎದ್ದೇಳಲಿಲ್ಲ.

ವೈರಿನ ಹೊದಿಕೆಯನ್ನು ಚಾಕುವಿನಿಂದ ಸುಲಿದಿರಲಿಲ್ಲ. ಕತ್ತರಿಯಿಂದಲೂ ಅಲ್ಲ. ನೂಲು ಎಳೆಎಳೆಯಾಗಿ ಹರಿದಿತ್ತು. ಅದರ ಕೆಳಗಿನ ರಬ್ಬರು ಕಲ್ಲಿನಂತೆ ಗಟ್ಟಿಯಾಗಿ, ಅಂದು ಬಿದ್ದ ಗುರುತುಗಳನ್ನು ಹಾಗೇ ಹಿಡಿದಿಟ್ಟಿತ್ತು. ಹಲ್ಲಿನ ಗುರುತು. ಮೇಲಿನ ಸಾಲಿನಲ್ಲಿ ನಾಲ್ಕು. ನಾಲ್ಕರಲ್ಲಿ ಒಂದು ಅರ್ಧವೇ.

ಅಪ್ಪನ ಮುಂದಿನ ಹಲ್ಲು ಅರ್ಧ ಮುರಿದಿತ್ತು. ಇದೇ ಕಾರನ್ನು ಚಾಲೂ ಮಾಡಲು ಮುಂದಿನ ಹ್ಯಾಂಡಲ್ ತಿರುಗಿಸುವಾಗ ಅದು ಎಗರಿ ಬಾಯಿಗೆ ಬಡಿದದ್ದು.

“ಏನರ ಸಿಕ್ತರಿ ಅಕ್ಕಾರ?”

“ಇಲ್ಲಿ ಒಬ್ಬ ಮನುಷ್ಯಾ ಇದ್ದ,” ಎಂದಳು ಗುಡ್ಡವ್ವ. ದನಿ ಡಿಕ್ಕಿಯೊಳಗೆ ಸುತ್ತಿ ತನಗೇ ಬೇರೆಯವರದಂತೆ ಕೇಳಿಸಿತು. “ಹೊರಗಿಂದ ಕೀಲಿ ಹಾಕಿದ್ರು. ಕತ್ತಲ್ಯಾಗ ಕೈಯಾಡಿಸಿ ಈ ವೈರ್ ಹುಡಿಕ್ಯಾನ. ಜಗ್ಗಿ, ಕಡದು, ತಗಡಿಗೆ ತಾಗಿಸ್ಯಾನ. ಎರಡೆರಡು ಸಲ.”

ಪರಶುರಾಮ ನೆಲದ ಮೇಲೆ ಕೂತುಬಿಟ್ಟ. “ನನ್ನ ರವಿವಾರದ ಬಾಡಿಗಿ ಹೋತು,” ಎಂದ. ಆಮೇಲೆ ತಾನಂದದ್ದಕ್ಕೆ ತಾನೇ ನಾಚಿ, “ಯಾರಿದ್ರು ಅಂವಾ, ಪಾಪ?” ಎಂದ.

ಗುಡ್ಡವ್ವ ಬಲ್ಬು ಬಿಚ್ಚಿ ಬ್ಯಾಟರಿಯನ್ನು ಮೊದಲಿನಂತೆ ಜೋಡಿಸಿದಳು. ಡಿಕ್ಕಿಯೊಳಗಿನ ವೈರನ್ನು ಮಾತ್ರ ಕತ್ತರಿಸಲಿಲ್ಲ.

“ಈ ಬೆಲ್ಲು ಮುಂದ ಕುಂತವ್ರಿಗೆ ಅಷ್ಟ ಕೇಳಸ್ತೇತಿ. ಆವತ್ತ ಗಾಡಿ ನಡಸಿದವ್ರು ದಾರಿಯುದ್ದಕ್ಕೂ ಕೇಳ್ಯಾರ. ನಡಿ, ಹುಕ್ಕೇರಿಗೆ ಹೋಗೂಣು. ನಿನಗ ಕಾರ್ ಮಾರಿದಾಕಿ ಮನಿಗೆ.”

* * *

ಧುಪದಾಳ ದಾಟುವಾಗ ರಸ್ತೆ ಕೆಟ್ಟಿತ್ತು. ಹೊಳೆಯ ನೀರು ಒಡ್ಡಿನ ಮೇಲೆ ಬೆಳ್ಳಗೆ ಜಾರುತ್ತಿತ್ತು. ಚಕ್ರ ತಗ್ಗಿಗೆ ಇಳಿದು ಏರಿತು.

ಗುಂಯ್. ಗುಂಯ್.

ಪರಶುರಾಮನ ಕಣ್ಣು ಕನ್ನಡಿಗೆ ಹೋಯಿತು. “ಹಿಂದ ಯಾರೂ ಇಲ್ಲಲ್ರಿ?”

“ರಸ್ತಾ ನೋಡು.”

“ನೋಡಾಕತ್ತೇನ್ರಿ. ರಸ್ತಾ ನನ್ನ ನೋಡಾಕತ್ತಂಗ ಆಗೇತಿ.”

ಘೋಡಗೇರಿಯ ಕಬ್ಬಿನ ಹೊಲಗಳು ಎರಡೂ ಬದಿಗೆ ಬಂದವು. ತಗ್ಗು ಬಂದಾಗೊಮ್ಮೆ ಬೆಲ್ಲು ಗುನುಗುತ್ತಿತ್ತು. ಕಾರು ಹುಕ್ಕೇರಿಯ ಕಡೆ ಮುಖ ಮಾಡಿತ್ತು. ಮೂವತ್ತೊಂಬತ್ತು ವರ್ಷ ತಡವಾಗಿ ಅದು ಬೆಲ್ಲು ಹೇಳಿದ ಕಡೆಗೇ ಹೊರಟಿದೆ ಅನ್ನಿಸಿ, ಗುಡ್ಡವ್ವ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು.

ವಾಡೆಯ ದೊಡ್ಡ ಬಾಗಿಲು ತೆರೆದೇ ಇತ್ತು. ರಾವಸಾಹೇಬರು ತೀರಿ ಹನ್ನೆರಡು ವರ್ಷವಾಗಿತ್ತು. ಪಡಸಾಲೆಯಲ್ಲಿ ಅವರ ಹೆಂಡತಿ ಮಾಯವ್ವ ಮೊರದಲ್ಲಿ ಕೊತ್ತಂಬರಿ ಕಾಳು ಹಸನು ಮಾಡುತ್ತಿದ್ದಳು. ಎಪ್ಪತ್ತರ ಹೆಂಗಸು, ಬೆನ್ನು ಇನ್ನೂ ನೆಟ್ಟಗೆ.

“ಎಷ್ಟ ಚಂದ ಮಾಡೀಯಪ್ಪಾ ಗಾಡಿ,” ಎಂದಳು ಪರಶುರಾಮನಿಗೆ. “ಈಕಿ ಯಾರು?”

ಗುಡ್ಡವ್ವ ಕಾರಿನ ಕಡೆ ತಿರುಗಿದಳು. ಕಾರಿನ ಮುಂದಿನ ಎರಡೂ ಬಾಗಿಲು ತೆರೆದಿಟ್ಟು, ಹಿಂದೆ ಕೈ ಚಾಚಿ, ಸವೆದ ಗುಂಡಿಯನ್ನು ಒತ್ತಿದಳು. ಒಂದು ಸಲ. ಮತ್ತೊಂದು ಸಲ.

ಮೊರದ ಮೇಲಿನ ಕೈ ನಿಂತಿತು.

ಮಾಯವ್ವ ಎದ್ದಳು. ಚಪ್ಪಲಿ ಹುಡುಕಲಿಲ್ಲ. ಕಾದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಬಂದು ಕಾರಿನ ಮುಂದೆ ನಿಂತಳು.

“ಇನ್ನೂ ಐತಿ ಅದು?”

“ಐತ್ರಿ ಅವ್ವಾರ. ಒಂದು ಅಂದ್ರ ನಿಲ್ಸು. ಎರಡು ಅಂದ್ರ ಏನ್ರಿ?”

“ಅದು ವಾಡೇದ ಗಂಡಸರಿಗೆ ಒಬ್ಬರಿಗೂ ಗೊತ್ತಿರಲಿಲ್ಲ. ನನಗ ಗೊತ್ತಿತ್ತು, ಡ್ರೈವರಗ ಗೊತ್ತಿತ್ತು. ನಿನಗ ಯಾರು ಹೇಳಿದ್ರು?”

“ಡ್ರೈವರನ ಮಗಳಿಗೂ ಗೊತ್ತಿತ್ರಿ.”

ಹಿಂದೆ ಪರಶುರಾಮನ ಕೈಯಿಂದ ಚಾವಿ ಜಾರಿ ಕಲ್ಲಿನ ಮೇಲೆ ಬಿತ್ತು. ಮಾಯವ್ವ ಗುಡ್ಡವ್ವನ ಮುಖವನ್ನೇ ನೋಡುತ್ತ ನಿಂತಳು. ಪಾದ ಸುಡುತ್ತಿರುವುದು ಅವಳಿಗೆ ತಿಳಿದಂತಿರಲಿಲ್ಲ.

“ಕಾಲ ಸುಡ್ತಾವ. ನೆರಳಿಗೆ ಬರ್ರಿ ಮೊದ್ಲ,” ಎಂದು ಗುಡ್ಡವ್ವ ತೋಳು ಹಿಡಿದು ಪಡಸಾಲೆಗೆ ಕರೆತಂದು ಕೂರಿಸಿದಳು. ಪಕ್ಕದ ತಂಬಿಗೆಯಿಂದ ನೀರು ಕೊಟ್ಟಳು. ಮುದುಕಿ ಕುಡಿಯುವ ತನಕ ಕಾದಳು.

“ಆವತ್ತ ಗಾಡಿ ನಡಸಿದವ್ರು ಯಾರ್ರಿ? ಯಜಮಾನ್ರಿಗೆ ಬರ್ತಿರಲಿಲ್ಲ ಅಂತ ಊರಿಗೆಲ್ಲಾ ಗೊತ್ತೈತಿ.”

“ಬರ್ತಿರಲಿಲ್ಲ.” ಮಾಯವ್ವ ತನ್ನ ಎರಡೂ ಅಂಗೈ ಮೇಲೆ ಮಾಡಿ ನೋಡಿಕೊಂಡಳು. “ನನಗ ಬರ್ತಿತ್ತು.”

ಗೋಡೆಯ ಗಿಳಿಗೂಟದಲ್ಲಿ ನೇತುಹಾಕಿದ ಸೀರೆಯೊಂದು ಗಾಳಿಯಿಲ್ಲದೆ ಅಲ್ಲಾಡಿದಂತಾಯಿತು.

“ಪರದೆ ಒಳಗ ಕುಂತ ಕುಂತ ಸಾಕಾಗಿತ್ತು ಮಗಳ. ಕೆನಾಲ ದಂಡಿ ಮ್ಯಾಲೆ ನಿಮ್ಮಪ್ಪ ಮೂರು ತಿಂಗಳು ಕಲಿಸಿದ. ನನ್ನ ಮಾರಿ ಎತ್ತಿ ನೋಡಿದವನಲ್ಲ. ಗೇರ್ ಹಾಕಿದ ಮ್ಯಾಲೆ ‘ಹೂಂ’ ಅಂತಿದ್ದ, ತಪ್ಪಿದರ ‘ಊಹೂಂ’ ಅಂತಿದ್ದ. ಅಷ್ಟ ಮಾತು. ಅದನ್ನ ಯಾರೋ ನೋಡಿ ಇವ್ರ ಕಿವಿಗೆ ಹಾಕಿದ್ರು.”

“ಆಮ್ಯಾಲೆ?”

“ಒಂದಿನಾ ಮಧ್ಯಾಹ್ನ ಉಂಡು ಎದ್ರು. ನಕ್ಕೋತ ಅಂದ್ರು, ಗಾಡಿ ಕಲ್ತೀಯಂತಲ್ಲ, ನಡಸು ನೋಡೂಣು. ಬಾಜೂಕ ಕುಂತ್ರು. ದುರ್ಗಪ್ಪ ಎಲ್ಲಿ ಅಂದೆ. ರಜಾ ಕೊಟ್ಟೇನಿ ಅಂದ್ರು. ಊರು ದಾಟಿದ ಮ್ಯಾಲೆ ಬೆಲ್ ಆತು.”

ಅಂಗಳದಲ್ಲಿ ಕಾದು ನಿಂತ ಕಾರಿನ ಕಡೆಗೆ ಮಾಯವ್ವನ ಕಿವಿ ಇತ್ತು.

“ಹಿಂದ ತಿರಗಿ ನೋಡಿದೆ. ಸೀಟ್ ಖಾಲಿ. ಇವ್ರು, ಏನದು ಸಪ್ಪಳಾ ಅಂದ್ರು. ವೈರ್ ಸಡಲಾಗೇತ್ರಿ ಅಂದೆ.”

“ಎಷ್ಟ ಸಲ ಆತ್ರಿ?”

“ಘೋಡಗೇರಿತನಕಾ ಎಣಿಸಿದೆ. ಆಮ್ಯಾಲೆ ಎಣಿಸಲಿಲ್ಲ.”

“ನಿಮಗ ಗೊತ್ತಾಗಿತ್ತು.”

“ಗೊತ್ತಾಗಿತ್ತು.”

“ತಿರಗಿಸಲಿಲ್ಲ.”

“ತಿರಗಿಸಲಿಲ್ಲ ಮಗಳ. ಬಾಜೂಕ ಅವ್ರು ಕುಂತಿದ್ರು.”

ಗುಡ್ಡವ್ವ ಬಯ್ಯಬೇಕೆಂದು ಬಾಯಿ ತೆರೆದಳು. ಬೈಗುಳ ಬರಲಿಲ್ಲ. ಹನ್ನೊಂದು ವರ್ಷದ ಡಾಬಿನ ಗುಡ್ಡಿಯೇ ಕೇಳಿದಳು: “ಡಾಬು?”

“ನನ್ನ ತಿಜೋರ್ಯಾಗ ಐತಿ. ಒಂದು ದಿನಾನೂ ಹೊರಗ ಹೋಗಿಲ್ಲ. ಕಳವಾತು ಅಂತ ಅವ್ರು ಅಂದ್ರು. ನಾ ಏನೂ ಅನ್ನಲಿಲ್ಲ.”

“ಅನ್ನಲಿಲ್ಲ ಅನ್ನೂದೂ ಅಂದಂಗರಿ ಅವ್ವಾರ.”

ಮುದುಕಿ ತಲೆ ತಗ್ಗಿಸಿದಳು. ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡು, ಇಷ್ಟು ದಿನ ಗಂಟಲಲ್ಲಿದ್ದದ್ದನ್ನು ಹೊರಗೆ ಹಾಕುವವಳಂತೆ ಬೇಗ ಬೇಗ ಹೇಳಿದಳು. ಒಡ್ಡಿನ ಹತ್ತಿರ ರಾವಸಾಹೇಬರು ಗಾಡಿ ನಿಲ್ಲಿಸಲು ಹೇಳಿದರು. ಆಳಿನ ಚಕ್ಕಡಿಯಲ್ಲಿ ಅವಳನ್ನು ಮನೆಗೆ ಕಳಿಸಿದರು. ತಾವೂ ಘಟಪ್ರಭೆ ಊರಿಗೆ ಹೋಗಿ, ಹೊತ್ತು ಇಳಿದ ಮೇಲೆ ಇಬ್ಬರು ಗಟ್ಟಿಯಾಳುಗಳನ್ನು ಕರೆದುಕೊಂಡು ತಿರುಗಿ ಬಂದರು.

“ಬಂದು ನೋಡಿದ್ರ ಡಿಕ್ಕಿ ತಗದೈತಿ. ಒಳಗ ಯಾರೂ ಇಲ್ಲ.”

“ಒಡದು ಹೊರಗ ಬಂದ್ನೇನ್ರಿ?” ಪರಶುರಾಮ ಕೇಳಿದ.

“ಒಡದಿರಲಿಲ್ಲಪ್ಪಾ. ಅದಕ್ಕ ಅವ್ರು ಹೆದರಿದ್ದು. ಚಾವಿ ಹಾಕಿ ತಗದಿದ್ರು, ಹೊರಗಿನವ್ರು. ಇದ್ದದ್ದು ಎರಡ ಚಾವಿ. ಒಂದು ಅವ್ರ ಕಿಸೆದಾಗ ಇತ್ತು. ಇನ್ನೊಂದನ್ನ ನಿಮ್ಮಪ್ಪ ಎಲ್ಲಿ ಇಡ್ತಿದ್ನೋ ಯಾರಿಗೂ ಗೊತ್ತಿಲ್ಲ. ಪೊಲೀಸರು ಅವನನ್ನ ಹುಡುಕಲಿ ಅಂತ ಡಾಬಿನ ಸುಳ್ಳು ಹುಟ್ಟಿಸಿದ್ರು. ಸಿಗಲಿಲ್ಲ. ಅಂವಾ ಬರ್ತಾನ, ಚಾವಿ ಇದ್ದವ್ರೂ ಬರ್ತಾರ ಅಂತ ಸಾಯೂತನಕಾ ಬಾಗಲಾ ಹಾಕ್ಕೊಂಡ ಮಲಗಿದ್ರು. ತಮ್ಮ ಚಾವೀನ ಹೊಳ್ಯಾಗ ಒಗದ್ರು.”

ಗುಡ್ಡವ್ವ ಎದ್ದಳು. “ಪರಸು, ಆ ಹಳೇ ಕೀಲಿ ಎಲ್ಲಿ ಒಗದಿ?”

“ಒಗದಿಲ್ರಿ. ಸಾಮಾನಿನ ಡಬ್ಬ್ಯಾಗ ಐತಿ.”

ಡಬ್ಬಿ ಸುರುವಿದ. ನಟ್ಟು ಬೋಲ್ಟಿನ ನಡುವೆ ಡಿಕ್ಕಿಯ ಹಳೇ ಬೀಗ ಉರುಳಿತು. ಗುಡ್ಡವ್ವ ಅದರ ಮುಖವನ್ನು ಸೆರಗಿನಿಂದ ಉಜ್ಜಿದಳು. ಕಂಪನಿಯವರು ಒತ್ತಿದ ಅಂಕಿ ಮೆಲ್ಲಗೆ ಮೇಲೆ ಬಂತು. ಇಂಥ ಬೀಗದ ಮೇಲಿನ ಅಂಕಿಯೇ ಅದರ ಚಾವಿಯ ಮೇಲೂ ಇರುತ್ತದೆ.

ಮೂರು. ಒಂದು. ಏಳು.

ಘೋಡಗೇರಿಯ ಸಾಲೆಯಲ್ಲಿ ಅಂಕಿ ಕಲಿಯುವಾಗ ಅವಳು ಸಿಕ್ಕಸಿಕ್ಕಲ್ಲಿ ಅಂಕಿ ಓದುತ್ತಿದ್ದಳು. ಮೈಲಿಗಲ್ಲು, ಬಸ್ಸಿನ ನಂಬರ್ ಪಾಟಿ. ಅವ್ವನ ಎಲೆಸಂಚಿಯೊಳಗಿನ ಸಣ್ಣ ಚಾವಿ. ಬೆರಳಾಡಿಸಿ ಓದಿದ್ದು ಇನ್ನೂ ಬೆರಳಿನಲ್ಲೇ ಇತ್ತು. ಮೂರು, ಒಂದು, ಏಳು. ತವರಿನ ಪೆಟ್ಟಿಗೆಯದು, ಕಳೀಬ್ಯಾಡ, ಅನ್ನುತ್ತಿದ್ದಳು ಅವ್ವ.

ಆ ಪೆಟ್ಟಿಗೆಯನ್ನು ಗುಡ್ಡವ್ವ ಇಂದಿನವರೆಗೂ ಕಂಡಿರಲಿಲ್ಲ.

ಅಂಗಳದ ಆಚೆ ಹೋಗಿ, ಕಾರಿಗೆ ಬೆನ್ನು ಮಾಡಿ, ಮೂಡಲಗಿಗೆ ಫೋನ್ ಹಚ್ಚಿದಳು. ಅವ್ವ ಒಂದೇ ರಿಂಗಿಗೆ ಎತ್ತಿದಳು. ಫೋನನ್ನು ಕೈಯಲ್ಲೇ ಹಿಡಿದು ಕೂತವರಂತೆ.

“ಯವ್ವಾ, ನಿನ್ನ ತವರಿನ ಪೆಟ್ಟಿಗಿ ಎಲ್ಲೈತಿ?”

“ಯಾವ ಪೆಟ್ಟಿಗಿ?”

ಗುಡ್ಡವ್ವ ಫೋನನ್ನು ಕಿವಿಗೆ ಒತ್ತಿ ಹಿಡಿದಳು. ಆ ಕಡೆಯಲ್ಲಿ ಸಂಚಿಯ ದಾರ ಎಳೆದ ಸದ್ದು, ಸುಣ್ಣದ ಡಬ್ಬಿಗೆ ಲೋಹ ತಾಗಿದ ಸದ್ದು.

“ಬೆಲ್ ಆತೇನು ಗುಡ್ಡಿ?” ಭರಮವ್ವ ಕೇಳಿದಳು. “ಎರಡು ಸಲಾ?”

ಬೆಲ್ಲಿನ ಸುದ್ದಿಯನ್ನು ಗುಡ್ಡವ್ವ ಎತ್ತಿಯೇ ಇರಲಿಲ್ಲ. ಅವ್ವ ಒಂದು ದಿನವೂ ಆ ಕಾರಿನಲ್ಲಿ ಕೂತವಳಲ್ಲ.

“ಅಪ್ಪ ಎಲ್ಲದಾನ ಯವ್ವಾ?”

“ಮನಿಗೆ ಬಾ. ಒಬ್ಬಾಕೇನ ಬಾ.”

ಫೋನು ಕಟ್ಟಾಯಿತು. ಅಂಗಳದಲ್ಲಿ ಯಾರೂ ಮುಟ್ಟದ ಕಾರು ಬಿಸಿಲಿಗೆ ಒಮ್ಮೆ ಗುನುಗಿ ಸುಮ್ಮನಾಯಿತು.

ಅಪ್ಪ ಕಳ್ಳನಲ್ಲ. ಅಷ್ಟು ಅವಳಿಗೆ ಆ ಮಧ್ಯಾಹ್ನ ಸಿಕ್ಕಿತು. ಆ ಡಿಕ್ಕಿ ತೆಗೆದ ಚಾವಿ ಅವ್ವನದು, ಅದನ್ನು ಮಗಳಿಗೂ ಹೇಳಿರಲಿಲ್ಲ. ಮೂವತ್ತೊಂಬತ್ತು ವರ್ಷ ಒಂದೇ ಗಂಗಾಳದಲ್ಲಿ ಉಂಡ ಅವ್ವನನ್ನು ನಂಬಿದ್ದಳು. ಆ ನಂಬಿಕೆ ಹೋಯಿತು.